ಕುಸ್ವಾರ್ ತಟ್ಟೆಯ ಮಿತಿ

ಕ್ರಿಸ್ಮಸ್ ಹತ್ತಿರವಾದಂತೆ ಆರೋಗ್ಯ ಪುಟಗಳಲ್ಲಿ ಬರುವ ಸಲಹೆಗಳು ಹೆಚ್ಚಾಗಿ ಬೇರೆ ಯಾರದ್ದೋ ಊಟದ ಮೇಜಿನಿಂದ ಎದ್ದು ಬಂದವು: ಟರ್ಕಿ ಕೋಳಿಯ ಚರ್ಮ ತೆಗೆಯಿರಿ, ಪುಡ್ಡಿಂಗಿಗೆ ಕೆನೆ ಬೇಡ. ಮಂಗಳೂರಿನ ಕೆಥೊಲಿಕರ ಮನೆಯಲ್ಲಿ ಮಿತಿಯ ಮಾತು ಶುರುವಾಗಬೇಕಾದದ್ದು ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯಿಂದ.

ಕೊಬ್ಬರಿ, ಎಳ್ಳು, ಸಕ್ಕರೆಯ ಹೂರಣ ತುಂಬಿ ಕರಿದ ನೆವ್ರಿ. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಎಬ್ಬಿಸಿ, ಎಣ್ಣೆಗೆ ಬಿಟ್ಟು, ಆಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡಿಯೊ. ಅಚ್ಚು ಅದ್ದಿ ಕರಿದ ಗುಲಾಬಿ ಹೂವಿನ ಕೊಕ್ಕಿಸಾಂ. ಚಕ್ಕುಲಿ, ತುಕ್ಡಿ, ಗುಳಿಯೊ, ಪೇರಳೆ ಹಣ್ಣಿನ ಪೆರಾದ್. ಪಥ್ಯದವರ ಕಣ್ಣಿಗೆ ಇದೆಲ್ಲ ಹಿಟ್ಟು, ಸಕ್ಕರೆ, ಎಣ್ಣೆಗಳು ಹಾಕಿದ ನಾನಾ ವೇಷ. ಅದು ಸುಳ್ಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಗೆರೆಯ ಪ್ರಕಾರ, ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಚಹಾ, ಕೇಕು, ಕಿಡಿಯೊ ಮೂರೂ ಸೇರಿದ ಸಂಜೆ ಈ ಗೆರೆ ಎಲ್ಲಿ ಉಳಿದೀತು?

ಆದರೂ ಪದಾರ್ಥ ನೋಡಿ ಪದ್ಧತಿಯನ್ನು ಬಯ್ಯುವುದು ಅವಸರದ ತೀರ್ಪು. ಕುಸ್ವಾರಿನೊಳಗೇ ಕಡಿವಾಣವಿತ್ತು. ಒಂದು ಡಬ್ಬಿ ಕಿಡಿಯೊಗೆ ಮನೆಮಂದಿಯೆಲ್ಲ ಕೂತು ಬೆರಳು ನೋಯಿಸಿಕೊಳ್ಳಬೇಕು; ಅಷ್ಟು ಕಷ್ಟಪಟ್ಟದ್ದನ್ನು ಯಾರೂ ಮುಷ್ಟಿ ಮುಷ್ಟಿಯಾಗಿ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಮಾಡಿದ್ದರಲ್ಲಿ ದೊಡ್ಡ ಪಾಲು ನೆರೆಮನೆಗಳಿಗೆ ಹೋಗುತ್ತದೆ, ಒಂದೊಂದು ಬಗೆಯದ್ದು ಒಂದೆರಡರಂತೆ. ಹಬ್ಬಕ್ಕೆ ಮುಂಚಿನ ಆಗಮನ ಕಾಲವೂ ಕಾಯುವ ಕಾಲವೇ. 1966ರಲ್ಲಿ ಪೋಪ್ ಆರನೇ ಪೌಲ್ ನಿಯಮ ಸಡಿಲಿಸುವ ಮೊದಲು, ಚರ್ಚಿನ ಸಾಮಾನ್ಯ ಕಟ್ಟಳೆಯಲ್ಲಿ ಕ್ರಿಸ್ಮಸ್ ಮುನ್ನಾದಿನ ಉಪವಾಸದ ದಿನ. ಹಸಿವಿನ ಮೇಲೆ ಬಂದ ಸಿಹಿ ಅದು.

ಈಗ ಕುಸ್ವಾರ್ ಬೇಕರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ದುಡಿದು ಬರುವ ಹೆಂಗಸರಿಗೆ ಅದೊಂದು ಬಿಡುಗಡೆ, ತಕರಾರಿಲ್ಲ. ಆದರೆ ಶ್ರಮ ಹೋದ ಜಾಗಕ್ಕೆ ಬೇರೆ ತಡೆ ಬರಲಿಲ್ಲ. ಡಿಸೆಂಬರ್ ಮೊದಲ ವಾರವೇ ಡಬ್ಬಿ ಬಿಚ್ಚುತ್ತದೆ. ಕೆಡುಕು ಇರುವುದು ಇಲ್ಲಿಯೇ. ಅಮೆರಿಕದಲ್ಲಿ 195 ವಯಸ್ಕರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನವೆಂಬರ್‌ನಿಂದ ಜನವರಿಯ ಹಬ್ಬದ ಋತುವಿನಲ್ಲಿ ಏರಿದ ತೂಕ ಸರಾಸರಿ 0.37 ಕಿಲೋ ಮಾತ್ರ. ಅಷ್ಟೇನಾ ಅನ್ನಿಸುತ್ತದೆ. ಆದರೆ ಏರಿದ್ದು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. 25ರ ಮಧ್ಯಾಹ್ನದ ಸಾನ್ನಾಂ, ಹಂದಿ ಬಫಾತ್‌ಗೆ ನನ್ನ ಆಕ್ಷೇಪವಿಲ್ಲ. ಹಬ್ಬವನ್ನು ತಿಂಗಳಿಡೀ ಹಿಗ್ಗಿಸಿದ್ದಕ್ಕೆ ಇದೆ.

ಹಳೆಯ ಪದ್ಧತಿಯನ್ನೂ ಪೂರ್ತಿ ಮೆಚ್ಚಲಾರೆ, ಮನೆ ವೈನಿನ ವಿಷಯದಲ್ಲಂತೂ ಇಲ್ಲವೇ ಇಲ್ಲ. “ತಗೊಳ್ಳಿ ಮಾರಾಯ್ರೆ, ಮನೆಯಲ್ಲೇ ಮಾಡಿದ್ದು, ಏನಾಗುದಿಲ್ಲ” ಎನ್ನುವ ಒತ್ತಾಯದೆದುರು ಬೇಡ ಎಂದವರು ಬಿಗುಮಾನದವರೆನಿಸಿಕೊಳ್ಳುತ್ತಾರೆ. ದ್ರಾಕ್ಷಿ, ಸಕ್ಕರೆ, ಯೀಸ್ಟ್ ಸೇರಿ ಭರಣಿಯಲ್ಲಿ ಹುಳಿತದ್ದು ಎಷ್ಟು ಗಟ್ಟಿ ಎಂದು ಹೇಳಲು ಚೀಟಿಯಿಲ್ಲ, ಮೇಲಿನ ಸಿಹಿ ಒಳಗಿನ ಖಾರವನ್ನು ಮುಚ್ಚುತ್ತದೆ. ಶೇ. 12ರ ವೈನ್ 150 ಮಿಲಿಲೀಟರ್ ಕುಡಿದರೆ ಒಳಗೆ ಹೋಗುವ ಆಲ್ಕೋಹಾಲ್ ಸುಮಾರು 14 ಗ್ರಾಂ. ರಜೆಯ ಕುಡಿತದ ಬೆನ್ನಿಗೆ ಎದೆಬಡಿತ ತಾಳ ತಪ್ಪುವುದನ್ನು ಅಮೆರಿಕದ ವೈದ್ಯರು 1978ರಲ್ಲೇ ‘ಹಾಲಿಡೇ ಹಾರ್ಟ್’ ಎಂದು ಕರೆದಿದ್ದರು. ಗಾಡಿ ಓಡಿಸಿ ಮನೆಗೆ ಮರಳಬೇಕಾದವರಿಗೆ ಎರಡನೇ ಗ್ಲಾಸ್ ಸುರಿಯುವುದು ಅತಿಥಿ ಸತ್ಕಾರವಲ್ಲ.

ಇನ್ನು ಬೆಲ್ಲ ಸುರಿದು, ರಾಗಿ ಬೆರೆಸಿ ನೆವ್ರಿಯನ್ನು ‘ಹೆಲ್ದಿ’ ಮಾಡುವ ಉಪಾಯ. ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ಬೆಲ್ಲಕ್ಕೆ ರಿಯಾಯಿತಿಯಿಲ್ಲ, ಬಾಣಲೆಯ ಎಣ್ಣೆಯೂ ಬದಲಾಗಿಲ್ಲ. ಆರೋಗ್ಯಕರ ಎಂಬ ಧೈರ್ಯದಲ್ಲಿ ನಾಲ್ಕು ತಿನ್ನುವುದಕ್ಕಿಂತ, ಅಜ್ಜಿಯ ಕಾಲದ ನೆವ್ರಿ ಒಂದನ್ನೇ ನಿಧಾನವಾಗಿ ತಿಂದು ಡಬ್ಬಿ ಮುಚ್ಚುವುದು ನನಗೆ ಮೇಲು.