ಕಾಲು ಸುಲಿದು ಕಾಲು ಬಿಟ್ಟ ಮರ

ಐವತ್ತು ದಾಟಿದ ಗಂಡಸರಿಗೆಂದು ಮಾರುವ ಪೈಜಿಯಂ ಕ್ಯಾಪ್ಸೂಲಿನ ಡಬ್ಬಿಗಳ ಹಿಂಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಕಥೆ ಇರುತ್ತದೆ. ಆಫ್ರಿಕಾದ ಜನ ಶತಮಾನಗಳಿಂದ ಈ ಮರದ ತೊಗಟೆಯನ್ನು ಮುದುಕರ ಮೂತ್ರದ ತೊಂದರೆಗೆ ಬಳಸುತ್ತಿದ್ದರಂತೆ, ಯುರೋಪಿನ ಪ್ರಯಾಣಿಕರು ಅವರಿಂದ ಅದನ್ನು ಕಲಿತರಂತೆ. ಯಾವ ಜನ, ಯಾವ ಊರು, ಯಾವ ಪ್ರಯಾಣಿಕ ಎಂಬುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ. ಆನ್‌ಲೈನ್ ಅಂಗಡಿಗಳ ಮೂಲಕ ಈ ಡಬ್ಬಿಗಳು ಈಗ ನಮ್ಮೂರುಗಳಿಗೂ ಬರುತ್ತಿವೆ. ಒಳಗಿರುವ ಮದ್ದು ಎಷ್ಟರ ಮಟ್ಟಿನದು, ಅದಕ್ಕಾಗಿ ಮರ ಸುಲಿಯುವ ಪದ್ಧತಿ ಎಂಥದ್ದು ಎಂದು ನೋಡುವ ಮೊದಲು, ಈ ‘ಸಂಪ್ರದಾಯ’ದ ಮಾತನ್ನೇ ಸ್ವಲ್ಪ ಕೆದಕಬೇಕು.

ಮರದ ಶಾಸ್ತ್ರೀಯ ಹೆಸರು ಪ್ರೂನಸ್ ಆಫ್ರಿಕಾನಾ. ಪ್ಲಮ್, ಚೆರ್ರಿ, ಬಾದಾಮಿಗಳ ಬಳಗದ್ದು. ಕ್ಯಾಮರೂನಿನಿಂದ ಇಥಿಯೋಪಿಯಾ, ಕೀನ್ಯಾ, ಉಗಾಂಡಾ, ದಕ್ಷಿಣ ಆಫ್ರಿಕಾವರೆಗೆ, ಸಮುದ್ರದಾಚೆ ಮಡಗಾಸ್ಕರಿನಲ್ಲೂ, ಎತ್ತರದ ಬೆಟ್ಟಗಳ ತಂಪು ಕಾಡಿನಲ್ಲಿ ಬೆಳೆಯುತ್ತದೆ. ಮೂವತ್ತು ಮೀಟರಿನಷ್ಟು ಎತ್ತರ, ಹೊಳೆಯುವ ದಪ್ಪ ಎಲೆ, ಕಪ್ಪಗೆ ಒರಟಾಗಿ ಬಿರುಕುಬಿಟ್ಟ ತೊಗಟೆ. ಎಲೆಯನ್ನು ಹೊಸಕಿದರೆ ಕಹಿಬಾದಾಮಿಯ ವಾಸನೆ. ಅದು ಸಯನೈಡಿನ ವಾಸನೆಯೂ ಹೌದು. 1965ರವರೆಗೂ ಇದನ್ನು ಪೈಜಿಯಂ ಕುಲಕ್ಕೆ ಸೇರಿಸಿದ್ದರು, ವ್ಯಾಪಾರದಲ್ಲಿ ಆ ಹೆಸರೇ ಉಳಿದಿದೆ. ನಮ್ಮ ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನಲ್ಲೂ ಇದರ ಒಬ್ಬ ದಾಯಾದಿ ಇದ್ದಾನೆ, ಪ್ರೂನಸ್ ಸಿಲಾನಿಕಾ. ಅವನನ್ನೂ ಹಿಂದೆ ಇದೇ ಪೈಜಿಯಂ ಕುಲದಲ್ಲಿ ಇಟ್ಟಿದ್ದರು. ಅವನ ತೊಗಟೆಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ, ಪುಣ್ಯಕ್ಕೆ.

ಕೀನ್ಯಾದ ಕಿಕುಯು ಜನ ಆಫ್ರಿಕಾದ ಮರವನ್ನು ‘ಮುಯಿರಿ’ ಎನ್ನುತ್ತಾರೆ. ಪೂರ್ವ ಆಫ್ರಿಕಾದಲ್ಲಿ ಜ್ವರಕ್ಕೆ ಎಲೆ, ಹೊಟ್ಟೆನೋವಿಗೆ ತೊಗಟೆಯ ಕಷಾಯ, ದನಗಳ ಹೊಟ್ಟೆ ಕಟ್ಟಿದರೆ ಭೇದಿಗೆಂದು ಅದೇ ತೊಗಟೆ. ದಕ್ಷಿಣದ ಝುಲು ಜನರಲ್ಲಿ ಎದೆನೋವಿಗೆ. ಇಂದು ಜಗತ್ತಿಗೆ ತೊಗಟೆ ಒದಗಿಸುವ ಕ್ಯಾಮರೂನಿನ ಬೆಟ್ಟಗಳಲ್ಲಿ ನಾಟಿವೈದ್ಯರು ಹೇಳುವ ಪಟ್ಟಿಯಲ್ಲೂ ಜ್ವರ, ಮಲೇರಿಯಾ, ಹೊಟ್ಟೆನೋವುಗಳದ್ದೇ ಮುಂಚೂಣಿಯ ಸ್ಥಾನ. ಇನ್ನು ಔಷಧಿಯಲ್ಲದ ಉಪಯೋಗಗಳು: ಕಟ್ಟಿಗೆ ಗಟ್ಟಿ, ಭಾರ, ಹಾಗಾಗಿ ಗುದ್ದಲಿ ಕೊಡಲಿಗಳ ಕಾವಿಗೆ ಇದೇ ಆಗಬೇಕು. ಬೆಟ್ಟದ ರೈತನಿಗೆ ಇದು ಮೊದಲು ಕಾವಿನ ಮರ, ಆಮೇಲೆ ಮದ್ದಿನ ಮರ ಎಂದರೆ ತಪ್ಪಾಗದು.

ಅಂದರೆ ಒಂದು ಮರ, ಹತ್ತಾರು ಉಪಯೋಗ. ಎಲೆ, ತೊಗಟೆ, ಕಟ್ಟಿಗೆ ಎಲ್ಲವೂ ಸ್ವಲ್ಪ ಸ್ವಲ್ಪ. ವೈದ್ಯ ಬಂದು, ಒಬ್ಬ ರೋಗಿಗೆ ಬೇಕಾದಷ್ಟು ಒಂದು ಅಂಗೈ ಅಗಲದ ಚಕ್ಕೆ ಕೆತ್ತಿಕೊಂಡು ಹೋದರೆ ಮರಕ್ಕೆ ಅದೊಂದು ತರಚುಗಾಯ, ಅಷ್ಟೆ. ಈ ಪದ್ಧತಿಯನ್ನು ‘ಪ್ರಕೃತಿಯೊಂದಿಗೆ ಸಾಮರಸ್ಯ’ ಎಂದು ಹಾಡಿಹೊಗಳುವುದೂ ನನಗೆ ಒಪ್ಪಿಗೆಯಿಲ್ಲ. ರೋಗಿಗಳು ಕಡಿಮೆ, ದಾರಿ ದೂರ, ಹೊತ್ತು ತರುವವರು ಇಬ್ಬರೇ ಎಂಬ ಕಾರಣಕ್ಕೂ ಮರ ಉಳಿದಿತ್ತು. ಆದರೆ ಉಳಿದಿತ್ತು ಎಂಬುದು ಮುಖ್ಯ.

1966ರಲ್ಲಿ ಫ್ರಾನ್ಸಿನ ಜಾಕ್ ದೆಬಾ ಈ ತೊಗಟೆಯ ಸಾರಕ್ಕೆ ಪೇಟೆಂಟ್ ತೆಗೆದುಕೊಂಡರು. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಕಟ್ಟುತ್ತದಲ್ಲ, ಕ್ಯಾನ್ಸರ್ ಅಲ್ಲದ ಆ ಊತಕ್ಕೆ ಇದು ಮದ್ದು ಎಂಬುದು ಅದರ ಪ್ರತಿಪಾದನೆ. ‘ಟಡೆನಾನ್’ ಎಂಬ ಹೆಸರಿನಲ್ಲಿ ಮಾತ್ರೆ ಯುರೋಪಿನ ಪೇಟೆಗೆ ಬಂತು. 1972ರಲ್ಲಿ ಕ್ಯಾಮರೂನಿನ ಮುಟೆಂಗೆನೆ ಎಂಬ ಊರಿನಲ್ಲಿ ‘ಪ್ಲಾಂಟೆಕಾಮ್’ ಕಾರ್ಖಾನೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಉಪಯೋಗದ ಮರಕ್ಕೆ ಒಂದೇ ಉಪಯೋಗ ಉಳಿಯಿತು, ಒಂದೇ ಅಂಗ ಬೇಕಾಯಿತು. ಆ ಒಂದು ಉಪಯೋಗ ಕ್ಯಾಮರೂನಿನ ವೈದ್ಯರಿಗೆ ಮುಖ್ಯವಾದದ್ದೇನೂ ಅಲ್ಲ. ಡಬ್ಬಿಯ ಮೇಲಿನ ಸಂಪ್ರದಾಯ ಎರವಲು ತಂದದ್ದು ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಹೆಸರು ಆಫ್ರಿಕಾದ್ದು, ರೋಗ ಯಾವುದು, ಪ್ರಮಾಣ ಎಷ್ಟು ಎಂಬ ನಿರ್ಧಾರ ಯುರೋಪಿನದು.

ಮದ್ದು ಕೆಲಸ ಮಾಡುತ್ತದೆಯೇ? ಇಲ್ಲಿ ಕೈತಿರುಗಿಸಿ ‘ಎಲ್ಲ ಮೋಸ’ ಎನ್ನುವುದು ಸುಲಭ, ಆದರೆ ಅನ್ಯಾಯ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 18 ಪ್ರಯೋಗಗಳನ್ನು, ಅವುಗಳಲ್ಲಿದ್ದ 1,562 ಗಂಡಸರನ್ನು ಒಟ್ಟಿಗೆ ಇಟ್ಟು ನೋಡಿತು. ಸುಳ್ಳುಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ತಮಗೆ ಗುಣ ಕಂಡಿತು ಎಂದವರು ಇಮ್ಮಡಿ. ರಾತ್ರಿ ಎದ್ದೆದ್ದು ಹೋಗುವುದು ಶೇ 19ರಷ್ಟು ಕಡಿಮೆ, ಮೂತ್ರದ ಹರಿವಿನ ರಭಸ ಶೇ 23ರಷ್ಟು ಹೆಚ್ಚು. ಅಡ್ಡಪರಿಣಾಮಗಳೂ ಸೌಮ್ಯ. ರಾತ್ರಿ ನಾಲ್ಕು ಸಲ ಏಳುವ ಮನುಷ್ಯ ಮೂರೇ ಸಲ ಎದ್ದರೆ ಅದು ಅವನಿಗೆ ಸಣ್ಣ ಸಂಗತಿಯಲ್ಲ. ಆದರೆ ಅದೇ ಪರಾಮರ್ಶೆಯ ಇನ್ನೊಂದು ಮಗ್ಗುಲು ಡಬ್ಬಿಯ ಮೇಲೆ ಎಂದೂ ಬರುವುದಿಲ್ಲ: ಪ್ರಯೋಗಗಳು ಸಣ್ಣವು, ಸರಾಸರಿ 64 ದಿನ ನಡೆದವು, ಪ್ರಮಾಣ ಒಂದೊಂದರಲ್ಲಿ ಒಂದೊಂದು ಥರ, ವೈದ್ಯರು ಈಗ ಬರೆದುಕೊಡುವ ಔಷಧಿಗಳ ಜೊತೆಗೆ ಹೋಲಿಸಿ ನೋಡಿದ ಪ್ರಯೋಗವೇ ಇಲ್ಲ. ವರ್ಷಗಟ್ಟಲೆ ಕಾಡುವ ತೊಂದರೆಗೆ ಎರಡು ತಿಂಗಳ ಸಾಕ್ಷ್ಯ. ನನ್ನ ತೀರ್ಪು: ಸ್ವಲ್ಪ ಹಿತ ಕೊಡುವ ಮದ್ದು, ಇಲ್ಲದಿದ್ದರೆ ನಡೆಯುವುದೇ ಇಲ್ಲ ಎನ್ನುವಂಥದ್ದಲ್ಲ. ಇದೇ ತೊಂದರೆಗೆ ಟ್ಯಾಮ್ಸುಲೋಸಿನ್‌ನಂಥ ಗುಳಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಲದಲ್ಲಿ ಇದು ಆಯ್ಕೆಯ ಮಾತು, ಪ್ರಾಣದ ಮಾತಲ್ಲ.

ಸಾರದಲ್ಲಿ ಸ್ಟೆರಾಲ್‌ಗಳಿವೆ, ಟ್ರೈಟರ್ಪೀನ್‌ಗಳಿವೆ, ಫೆರುಲಿಕ್ ಆಮ್ಲದ ಎಸ್ಟರ್‌ಗಳಿವೆ. ಗುಣ ಇಂಥದ್ದೊಂದರದೇ ಎಂದು ಬೊಟ್ಟು ಮಾಡಿ ತೋರಿಸಲು ಆಗಿಲ್ಲ, ಎಲ್ಲ ಕೂಡಿ ಕೆಲಸ ಮಾಡುತ್ತವೆ ಎಂಬುದೇ ಸಾಮಾನ್ಯ ನಂಬಿಕೆ. ಒಂದೇ ಅಣುವಿನ ಆಟವಾಗಿದ್ದರೆ ಅದನ್ನು ಲ್ಯಾಬಿನಲ್ಲೇ ತಯಾರಿಸಿ ಮರವನ್ನು ಬಿಟ್ಟುಬಿಡಬಹುದಿತ್ತು. ಹಾಗಾಗಲಿಲ್ಲ; ಬೇಡಿಕೆಯ ಭಾರವೆಲ್ಲ ಕಾಡಿನ ಮೇಲೇ ಬಿತ್ತು.

ಈಗ ಸುಲಿಯುವ ಪದ್ಧತಿಗೆ ಬರೋಣ, ವಿಮರ್ಶೆಗೆ ನಿಜವಾಗಿ ಸಿಗಬೇಕಾದದ್ದು ಅದೇ. ಪ್ಲಾಂಟೆಕಾಮ್ ಕಂಪನಿಯವರು ಒಂದು ನಿಯಮ ಮಾಡಿದ್ದರು, ಅದು ಕೆಟ್ಟ ನಿಯಮವೇನಲ್ಲ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 30 ಸೆಂಟಿಮೀಟರ್ ದಾಟಿರಬೇಕು. ಕಾಂಡದ ಸುತ್ತಳತೆಯನ್ನು ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಮಾತ್ರ ಸುಲಿಯಬೇಕು, ನಡುವಿನ ಎರಡು ಪಾಲು ಮುಟ್ಟಬಾರದು. ಮೊದಲ ಕೊಂಬೆಯವರೆಗೆ ಮಾತ್ರ. ನಾಲ್ಕೈದು ವರ್ಷ ಬಿಟ್ಟು, ಸುಲಿದಲ್ಲಿ ಹೊಸ ತೊಗಟೆ ಬಂದ ಮೇಲೆ, ಉಳಿಸಿದ್ದ ಪಾಲಿಗೆ ಕೈಹಾಕಬೇಕು. ಮಚ್ಚಿನಿಂದ ಮೇಲೆ ಕೆಳಗೆ ಅಡ್ಡ ಕಚ್ಚು, ಎರಡು ಬದಿಗೆ ಉದ್ದ ಕಚ್ಚು ಹಾಕಿ, ಅಂಚಿನಲ್ಲಿ ಮೀಟಿ ಎಬ್ಬಿಸಿದರೆ ಚಕ್ಕೆ ಹಾಳೆಯಂತೆ ಬಿಟ್ಟುಬರುತ್ತದೆ. ಜಾಣತನವೆಲ್ಲ ಮಚ್ಚಿನ ಆಳದಲ್ಲಿದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಒದ್ದೆಯಾದ ತೆಳುಪೊರೆಯೊಂದಿರುತ್ತದೆ, ಹೊಸ ತೊಗಟೆ ಹುಟ್ಟುವುದು ಅಲ್ಲಿಂದಲೇ. ಕೈ ಹಗುರವಿದ್ದರೆ ಪೊರೆ ಉಳಿಯುತ್ತದೆ, ಗಾಯ ಮಾಯುತ್ತದೆ. ಅವಸರದಲ್ಲಿ ಕಟ್ಟಿಗೆಗೆ ಏಟು ಬಿದ್ದರೆ ಅಲ್ಲಿ ಇನ್ನು ತೊಗಟೆಯಿಲ್ಲ, ಹುಳಕ್ಕೆ ಬಾಗಿಲು ತೆರೆದಂತೆ. ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಉಳಿದ ಎಷ್ಟೋ ಮರಗಳಿಗಿಂತ ಈ ಜಾತಿ ಗಟ್ಟಿಗ, ಪೂರ್ತಿ ಸುಲಿದರೂ ಕೆಲವು ಸಲ ಚೇತರಿಸಿಕೊಂಡದ್ದುಂಟು. ಆ ಗಟ್ಟಿತನವೇ ‘ಇದಕ್ಕೇನೂ ಆಗುವುದಿಲ್ಲ’ ಎಂಬ ಧೈರ್ಯ ಕೊಟ್ಟು ಮರಕ್ಕೆ ಮುಳುವಾಯಿತು. ಮರ ಒಮ್ಮೆಲೇ ಸಾಯುವುದಿಲ್ಲ. ಮೊದಲು ನೆತ್ತಿ ಒಣಗುತ್ತದೆ, ವರ್ಷಗಳ ಮೇಲೆ ಉರುಳುತ್ತದೆ. ಅಷ್ಟರಲ್ಲಿ ಸುಲಿದವನು ಬೇರೆ ಬೆಟ್ಟದಲ್ಲಿರುತ್ತಾನೆ.

ನಿಯಮ ಸರಿಯಿದ್ದೂ ಸೋತದ್ದೇಕೆ? ಲೆಕ್ಕ ಹಾಕಿ ನೋಡಿ. ಎರಡು ಸಾವಿರ ಕಿಲೋ ಹಸಿ ತೊಗಟೆ ಒಣಗಿದರೆ ಒಂದು ಸಾವಿರ ಕಿಲೋ, ಅದರಿಂದ ಇಳಿಯುವ ಸಾರ ಐದು ಕಿಲೋ. ದಿನಕ್ಕೆ 100 ಮಿಲಿಗ್ರಾಂ ನುಂಗುವ ಒಬ್ಬ ಗಂಡಸಿಗೆ ವರ್ಷಕ್ಕೆ ಬೇಕಾಗುವ ಸಾರ ಮೂವತ್ತಾರೂವರೆ ಗ್ರಾಂ, ಅಂದರೆ ಹದಿನಾಲ್ಕೂವರೆ ಕಿಲೋ ಹಸಿ ತೊಗಟೆ. ನಿಯಮದಂತೆ ಸುಲಿದ ಮರ ಒಂದು ಸರದಿಗೆ ಕೊಡುವುದು ಐವತ್ತು ಕಿಲೋ ಆಸುಪಾಸು. ಐದು ವರ್ಷಕ್ಕೊಂದು ಸರದಿ ಎಂದರೆ ವರ್ಷಕ್ಕೆ ಹತ್ತು ಕಿಲೋ. ಒಬ್ಬ ಮನುಷ್ಯನ ನಿದ್ದೆಗೆ ಸುಮಾರು ಒಂದೂವರೆ ಮರ ಮೀಸಲು! ಗ್ರಾಹಕರು ಲಕ್ಷದ ಲೆಕ್ಕದಲ್ಲಿದ್ದರೆ, ಬೆಟ್ಟದ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ದೊಡ್ಡ ಮರಗಳು ಎಲ್ಲಿಗೆ ಸಾಲುತ್ತವೆ? 1980ರ ದಶಕದ ಕೊನೆಗೆ ಪ್ಲಾಂಟೆಕಾಮ್ ವರ್ಷಕ್ಕೆ ಸರಾಸರಿ ಎರಡು ಸಾವಿರ ಟನ್ನಿನ ಸಮೀಪ ತೊಗಟೆ ಅರೆಯುತ್ತಿತ್ತು. ಮಚ್ಚಿನ ನಿಯಮಕ್ಕೆ ಈ ಲೆಕ್ಕ ಗೊತ್ತೇ ಇರಲಿಲ್ಲ.

ಇನ್ನೊಂದು ಕಾರಣ ಯಜಮಾನಿಕೆಯದು. 1985ರವರೆಗೆ ಕ್ಯಾಮರೂನಿನಲ್ಲಿ ಸುಲಿಯುವ ಹಕ್ಕು ಪ್ಲಾಂಟೆಕಾಮ್ ಒಂದರದೇ ಆಗಿತ್ತು. ಆಮೇಲೆ ಸರ್ಕಾರ ಹತ್ತಾರು ಗುತ್ತಿಗೆದಾರರಿಗೆ ಪರ್ಮಿಟ್ ಕೊಟ್ಟಿತು. ಸ್ಥಳೀಯರಿಗೂ ಪಾಲು ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಮರ ಯಾರದೂ ಅಲ್ಲ, ಕಾರ್ಖಾನೆಯಲ್ಲಿ ತೂಕಕ್ಕೆ ದುಡ್ಡು. ನಾನು ಎರಡು ಪಾಲು ಬಿಟ್ಟು ಬಂದರೆ ನಾಳೆ ಇನ್ನೊಬ್ಬ ಅದನ್ನು ಸುಲಿದುಕೊಂಡು ಹೋಗುತ್ತಾನೆ ಎಂದು ಗೊತ್ತಿರುವವನು ಯಾಕೆ ಬಿಟ್ಟಾನು? ಕ್ಯಾಮರೂನಿನ ಓಕು ಬೆಟ್ಟದ ಕಾಡಿನಲ್ಲಿ ಬುಡದಿಂದ ಕೊಂಬೆಯವರೆಗೆ ಸುತ್ತ ಸುಲಿದ ಮರಗಳು, ಕಡಿದೇ ಉರುಳಿಸಿ ಸುಲಿದ ಮರಗಳು ಕಂಡವು. ಮಡಗಾಸ್ಕರಿನಲ್ಲೂ ಕಡಿದು ಸುಲಿಯುವುದೇ ರೂಢಿಯಾಯಿತು. ಘಟ್ಟದಲ್ಲಿ ಅಶೋಕದ ಚಕ್ಕೆ ತಂದು ಮಾರುವವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮರ ಮುಗಿಯುತ್ತ ಬಂದಂತೆ ಪೇಟೆಗೆ ಬರುವ ‘ಅಶೋಕ’ದಲ್ಲಿ ಉದ್ಯಾನದ ಕಂಬದ ಮರದ ತೊಗಟೆ ಬೆರೆಯಿತು.

ದೊಡ್ಡ ಮರ ಸತ್ತರೆ ಹೋಗುವುದು ತೊಗಟೆಯಷ್ಟೇ ಅಲ್ಲ. ಹಣ್ಣು ಬಿಡುವುದೂ ಅವೇ. ಬೀಜ ಒಣಗಿದರೆ ಬೇಗ ಸಾಯುತ್ತದೆ, ವರ್ಷಗಟ್ಟಲೆ ಕೂಡಿಡಲು ಬಾರದು. ಹಣ್ಣಿಗೆ ಬರುವ ಹಕ್ಕಿ ಮಂಗಗಳೇ ಅದನ್ನು ಕಾಡಿನಲ್ಲಿ ಹರಡಬೇಕು.

1995ರಲ್ಲಿ ಮರ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು, ರಫ್ತಿಗೆ ಪರ್ಮಿಟ್ ಕಡ್ಡಾಯವಾಯಿತು. 2000ದಲ್ಲಿ ಮುಟೆಂಗೆನೆಯ ಕಾರ್ಖಾನೆ ಮುಚ್ಚಿತು. 2007ರಲ್ಲಿ ಯುರೋಪಿನ ಒಕ್ಕೂಟ ಕ್ಯಾಮರೂನಿನಿಂದ ಆಮದನ್ನೇ ತಡೆಹಿಡಿಯಿತು, ಮರಗಳ ಎಣಿಕೆ ನಡೆಸಿ ವಲಯವಾರು ಪಾಲು ಹಂಚುವ ಹೊಸ ಯೋಜನೆ ಬಂದ ಮೇಲೆ ವ್ಯಾಪಾರ ಮತ್ತೆ ಶುರುವಾಯಿತು. ಸರದಿಯ ಅಂತರವನ್ನೂ ಹೆಚ್ಚಿಸಿದರು. ಕಾಗದದ ಮೇಲೆ ಇದೆಲ್ಲ ಮೊದಲಿಗಿಂತ ಚೆನ್ನಾಗಿದೆ. ಬೆಟ್ಟದ ಮೇಲೆ ಏನಾಗುತ್ತದೆ ಎಂಬುದು ಬೇರೆ. ಮೌಂಟ್ ಕ್ಯಾಮರೂನ್, ಓಕು ಎರಡೂ ಇರುವ ಇಂಗ್ಲಿಷ್ ಭಾಷಿಕ ಪ್ರಾಂತ್ಯಗಳಲ್ಲಿ 2017ರಿಂದ ಬಂದೂಕಿನ ಸಂಘರ್ಷ ನಡೆಯುತ್ತಿದೆ. ಅಂಥ ಕಾಡಿನಲ್ಲಿ ಯಾವ ಗಾರ್ಡು ಟೇಪು ಹಿಡಿದು ಅಡ್ಡಳತೆ ನೋಡುತ್ತಾನೆ?

ನನಗೆ ಸರಿ ಎನಿಸಿದ ಒಂದೇ ಪ್ರಯತ್ನ ಕಾನೂನಿನದಲ್ಲ, ರೈತರದು. 1980ರ ದಶಕದ ಕೊನೆಯಲ್ಲಿ ಕಾಫಿಯ ಬೆಲೆ ಕುಸಿದಾಗ ಕ್ಯಾಮರೂನಿನ ವಾಯವ್ಯ ಭಾಗದ ಸಣ್ಣ ಹಿಡುವಳಿದಾರರು ಹೊಲದ ಬದುವಿನಲ್ಲಿ, ಕಾಫಿ ಗಿಡಗಳ ನಡುವೆ ಈ ಮರ ನೆಟ್ಟರು. ನೆರಳಾಯಿತು, ಕಾವಾಯಿತು, ಮನೆಮದ್ದಾಯಿತು. ತೊಗಟೆಗೆ ಗಿರಾಕಿ ಬಂದರೆ ದುಡ್ಡೂ ಆಯಿತು. ಒಂದು ಅಂಗಕ್ಕೆ ಇಳಿದಿದ್ದ ಮರ ಅಲ್ಲಿ ಮತ್ತೆ ಹತ್ತು ಉಪಯೋಗದ ಮರವಾಯಿತು. ಸಂಪ್ರದಾಯ ಎನ್ನುವುದಿದ್ದರೆ ಡಬ್ಬಿಯ ಕಥೆಗಿಂತ ಈ ಬದುವಿನಲ್ಲೇ ಇದೆ ಎನ್ನಬೇಕು. ಸುಲಿಯಲು ಯೋಗ್ಯವಾಗಲು ಹನ್ನೆರಡು ಹದಿನೈದು ವರ್ಷ ಬೇಕು, ಆದರೂ ನೆಟ್ಟವನಿಗೆ ಕಾಲು ಬಿಟ್ಟು ಕಾಲು ಸುಲಿಯುವ ನಿಯಮ ಯಾರೂ ಕಲಿಸಬೇಕಿಲ್ಲ, ಮರ ಅವನದು. ಕೊರತೆ ಇನ್ನೊಂದು ಕಡೆ ಇದೆ. ಕಾಡಿನಲ್ಲಿ ಹುಟ್ಟಿದ್ದಕ್ಕೂ ಹೊಲದಲ್ಲಿ ನೆಟ್ಟಿದ್ದಕ್ಕೂ ಕೊಳ್ಳುವವನ ತಕ್ಕಡಿಯಲ್ಲಿ ವ್ಯತ್ಯಾಸವಿಲ್ಲ, ಡಬ್ಬಿಯ ಮೇಲೂ ಇಲ್ಲ. ಹಾಗಾಗಿ ಹದಿನೈದು ವರ್ಷ ಕಾದ ರೈತ, ನಿನ್ನೆ ಕಾಡಿಗೆ ಹೋಗಿ ಬಂದವನ ಜೊತೆ ಒಂದೇ ದರಕ್ಕೆ ಪೈಪೋಟಿ ಮಾಡಬೇಕು. ಶತಮಾನಗಳ ಜ್ಞಾನದ ಬಗ್ಗೆ ನಾಲ್ಕು ಸಾಲು ಅಚ್ಚುಹಾಕಲು ಜಾಗವಿರುವ ಡಬ್ಬಿಯಲ್ಲಿ ‘ಇದು ನೆಟ್ಟು ಬೆಳೆದ ಮರದ ತೊಗಟೆ’ ಎಂದು ಒಂದು ಸಾಲಿಗೆ ಜಾಗವಿಲ್ಲವೇ?

ಓಕುವಿನ ಜನ ಮಾತ್ರ ಇದೇ ಮರದಿಂದ ಬೇರೆ ಲಾಭವೊಂದನ್ನು ಪಡೆಯುತ್ತಿದ್ದಾರೆ. ಅಲ್ಲಿನ ಬಿಳಿ ಜೇನು ಹೆಸರುವಾಸಿ, 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಜೇನುಹುಳು ಮಕರಂದ ತರುವ ಬೆಟ್ಟದ ಹೂಮರಗಳಲ್ಲಿ ಇದೂ ಒಂದು. ಅದಕ್ಕೆ ಮರ ಸುಲಿಯಬೇಕಾಗಿಲ್ಲ, ಜೇನಿನ ಡಬ್ಬಿಯ ಮೇಲೆ ಊರಿನ ಹೆಸರೂ ಇದೆ.