ಸಂಗಮದ ಸಾಹೇಬನ ವಂಶಾವಳಿ

ಕಂಪನಿ ಕಾಲದ ಮುತ್ತಜ್ಜನ ಜಾಡು ಹಿಡಿದು ಪುಣೆಗೆ ಬರುವ ಇಂಗ್ಲಿಷ್ ಕುಟುಂಬಗಳಿಗೆ ಇಂದು ಅನುಕೂಲಗಳು ಕಡಿಮೆಯಿಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮುಂಬಯಿ ಪ್ರಾಂತದ ದೀಕ್ಷಾಸ್ನಾನ, ಮದುವೆ, ಸಾವುಗಳ ಪಟ್ಟಿ ಹದಿನೆಂಟನೇ ಶತಮಾನದ ಆರಂಭದಿಂದಲೇ ಸಿಗುತ್ತದೆ. 1976ರಲ್ಲಿ ಹುಟ್ಟಿದ ಬಾಕ್ಸಾ ಸಂಸ್ಥೆ ದಕ್ಷಿಣ ಏಷ್ಯಾದ ಹಳೆಯ ಗೋರಿಗಳ ಬರಹಗಳನ್ನು ದಾಖಲಿಸುತ್ತ ಬಂದಿದೆ. 1998ರಲ್ಲಿ ಶುರುವಾದ ಫಿಬಿಸ್ ಸಂಘದ ಸ್ವಯಂಸೇವಕರು ಲಕ್ಷಗಟ್ಟಲೆ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟಿದ್ದಾರೆ. ಜ್ವರಕ್ಕೆ ಬಲಿಯಾದ ಬಡ ಸಿಪಾಯಿಯ ಹೆಸರೂ ಇದರಿಂದ ಉಳಿದಿದೆ. ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಹೀಗೆ ಹುಟ್ಟಿದ ಕುಟುಂಬಚರಿತ್ರೆಗಳನ್ನು ಮನೆಯೊಳಗಿನ ಹವ್ಯಾಸವೆಂದು ಬಿಟ್ಟುಬಿಡುವಂತಿಲ್ಲ. ಅವು ನಮ್ಮ ಊರುಗಳ ಚರಿತ್ರೆಯೂ ಹೌದು. ಚರಿತ್ರೆಯನ್ನು ಪರಿಶೀಲಿಸುವ ಹಾಗೆಯೇ ಅವನ್ನೂ ಪರಿಶೀಲಿಸಬೇಕು.

ಚಾರ್ಲ್ಸ್ ವಾರ್ ಮ್ಯಾಲೆಟ್‌ನನ್ನೇ ತೆಗೆದುಕೊಳ್ಳಿ. 1786ರಲ್ಲಿ ಪೇಶ್ವೆ ದರಬಾರಿಗೆ ಕಂಪನಿಯ ಮೊದಲ ರೆಸಿಡೆಂಟ್ ಆಗಿ ಬಂದು, ಮುಳಾ-ಮುಠಾ ನದಿಗಳು ಕೂಡುವ ಸಂಗಮದ ಬಳಿ ಬಿಡಾರ ಹೂಡಿದ. ಹತ್ತು ವರ್ಷಕ್ಕೂ ಮೀರಿ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸರ ಎದುರು ಕೂತು ವ್ಯವಹಾರ ನಡೆಸಿದ. 1791ರಲ್ಲಿ ಬ್ಯಾರನೆಟ್ ಪದವಿ ಪಡೆದ. ಊರಿಗೆ ಮರಳಿ 1799ರಲ್ಲಿ ಚಿತ್ರಕಾರ ಜೇಮ್ಸ್ ವೇಲ್ಸ್‌ನ ಮಗಳು ಸುಸಾನಾಳನ್ನು ಮದುವೆಯಾಗಿ, ಗಂಡುಮಕ್ಕಳ ದೊಡ್ಡ ಸಂಸಾರ ಕಟ್ಟಿ, 1815ರಲ್ಲಿ ತೀರಿಕೊಂಡ. ವಂಶವೃಕ್ಷ ಬರೆಯುವವರಿಗೆ ಇಷ್ಟು ಸಾಕು. ಎಲ್ಲವೂ ಮುದ್ರಿತ ಆಧಾರಗಳಲ್ಲಿದೆ. ನನ್ನ ತಕರಾರು ಹುಟ್ಟುವುದು ಇಲ್ಲಿಯೇ. ಸುಲಭವಾಗಿ ಸಿಗುವ ಕಾಗದ ಎಲ್ಲಿಯವರೆಗೆ ಹೋಗುತ್ತದೋ ಬದುಕೂ ಅಲ್ಲಿಯವರೆಗೆ ಮಾತ್ರ ಇತ್ತೆಂದು ಈ ಕುಟುಂಬಚರಿತ್ರೆಗಳು ನಂಬಿಬಿಡುತ್ತವೆ.

ಮ್ಯಾಲೆಟ್‌ನ ಪುಣೆಯ ಮನೆಯಲ್ಲಿ ಅಂಬರ್ ಕೌರ್ ಎಂಬ ಹೆಣ್ಣುಮಗಳಿದ್ದಳು. ಆಕೆಯಿಂದ ಅವನಿಗೆ ಮಕ್ಕಳಾದವು. ವೇಲ್ಸ್ ಆಕೆಯ ಚಿತ್ರ ಬರೆದ. ಅದರಿಂದಾಗಿ ಆಕೆಗೆ ಮುಖವೂ ಹೆಸರೂ ಉಳಿದವು. ಹೆಚ್ಚಿನ ಹೆಣ್ಣುಮಕ್ಕಳಿಗೆ ಅದೂ ದಕ್ಕಲಿಲ್ಲ. ಕಂಪನಿ ಕಾಲದ ದೀಕ್ಷಾಸ್ನಾನದ ದಾಖಲೆಯನ್ನು ಓದಿ ನೋಡಿ: ಮಗುವಿನ ಹೆಸರಿದೆ, ತಂದೆಯ ಹೆಸರಿದೆ, ಹುದ್ದೆಯಿದೆ. ತಾಯಿ ಈ ನೆಲದವಳಾದರೆ ‘ದೇಶೀ ಹೆಂಗಸು’ ಎಂದು ಗೀಚಿರುತ್ತಾರೆ, ಇಲ್ಲವೇ ಏನನ್ನೂ ಬರೆದಿರುವುದಿಲ್ಲ. ಇತಿಹಾಸಕಾರ್ತಿ ದುರ್ಬಾ ಘೋಷ್ 2006ರ ತಮ್ಮ ಪುಸ್ತಕದಲ್ಲಿ ಈ ಹೆಸರಿಲ್ಲದಿರುವಿಕೆಯನ್ನೇ ಎತ್ತಿ ತೋರಿಸಿದರು. ಗುಮಾಸ್ತನ ಅಜಾಗರೂಕತೆ ಎಂದು ಅದನ್ನು ತಳ್ಳಿಹಾಕುವಂತಿಲ್ಲ. ದೇಶೀ ತಾಯಂದಿರ ಗಂಡುಮಕ್ಕಳಿಗೆ ಕಂಪನಿ ನೌಕರಿಯ ಬಾಗಿಲು ಮುಚ್ಚಿದ್ದೂ 1791ರಲ್ಲಿಯೇ. ತಾಯಿಯ ಹೆಸರು ಹೇಳಿದರೆ ಮಗನ ಅನ್ನಕ್ಕೆ ಕಲ್ಲು ಬೀಳುವ ಕಾಲ ಬಂದಾಗ ಮನೆಮಂದಿಯೇ ಆ ಹೆಸರನ್ನು ಬಾಯಿಬಿಡದೆ ನುಂಗಿದರು. ಮೊಮ್ಮಕ್ಕಳು ಅದೇ ಮೌನವನ್ನು ಪುರಾವೆಯೆಂದು ಓದುತ್ತಾರೆ.

ಇದಕ್ಕೆ ಪ್ರತಿಯಾಗಿ ಮ್ಯಾಲೆಟ್‌ನ ನಂತರ 1798ರಲ್ಲಿ ರೆಸಿಡೆಂಟ್ ಆಗಿ ಬಂದ ವಿಲಿಯಂ ಪಾಮರ್ ಇದ್ದಾನೆ. ಜೊತೆಯಲ್ಲಿ ಫೈಜ್ ಬಕ್ಷ್ ಬೇಗಂ ಇದ್ದಳು. ಪಾಮರ್ ತನ್ನ ಉಯಿಲಿನಲ್ಲಿ ಆಕೆಯನ್ನು ಹೆಸರಿಟ್ಟು ಕರೆದು, ಮೂವತ್ತೈದು ವರ್ಷಕ್ಕೂ ಮೀರಿದ ಒಡನಾಡಿ ಎಂದು ಬರೆದ. ಚರ್ಚಿನ ಪಟ್ಟಿ ಮುಚ್ಚಿಟ್ಟದ್ದನ್ನು ಉಯಿಲು ಬಿಚ್ಚಿ ಹೇಳುತ್ತದೆ. ವಿಲಿಯಂ ಡಾಲ್‌ರಿಂಪಲ್ 2002ರ ‘ವೈಟ್ ಮೊಗಲ್ಸ್’ನಲ್ಲಿ ಈ ಕುಟುಂಬದ ಕತೆ ಕಟ್ಟಿದ್ದು ಇಂಥ ಉಯಿಲು, ಪತ್ರ, ಪರ್ಷಿಯನ್ ಬರಹಗಳಿಂದಲೇ. 1780ರ ದಶಕದ ಮೊದಲರ್ಧದ ಬಂಗಾಳದ ಉಯಿಲುಗಳಲ್ಲಿ ಮೂರರಲ್ಲೊಂದು ಭಾರತೀಯ ಸಂಗಾತಿಗೋ ಆಕೆಯ ಮಕ್ಕಳಿಗೋ ಏನಾದರೂ ಬಿಟ್ಟುಹೋಗಿತ್ತು ಎಂಬ ಲೆಕ್ಕವೂ ಅವರದೇ. ಈ ಪ್ರಕಾರದ ಅತ್ಯುತ್ತಮ ಕೃತಿ ಅದು. ಆದರೂ ಅದರ ಒಲವು ಪ್ರೇಮಕತೆಯ ಕಡೆಗೆ ವಾಲುತ್ತದೆ. ಒಂದೇ ಸೂರಿನಡಿ ಬಾಳಿದವರು ಸರಿಸಮರಾಗಿ ಬಾಳಿದರೆಂಬ ಭಾವನೆ ಮೂಡಿಸುತ್ತದೆ. ಘೋಷ್ ಅವರ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಓದಿದರೆ ಆ ವಾಲಿಕೆ ನೇರವಾಗುತ್ತದೆ.

ಮುತ್ತಜ್ಜನನ್ನು ಸಾಹಸಿಯೆಂದೂ ‘ಭಾರತದ ಗೆಳೆಯ’ನೆಂದೂ ಮೆರೆಸುವುದು ಈ ಬರವಣಿಗೆಯ ಇನ್ನೊಂದು ದೋಷ. ಥಾಮಸ್ ಡ್ಯಾನಿಯೆಲ್ 1805ರಲ್ಲಿ ಮುಗಿಸಿದ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ದೊಡ್ಡ ಚಿತ್ರದಲ್ಲಿ ಮ್ಯಾಲೆಟ್ ಶನಿವಾರವಾಡೆಯ ದರಬಾರಿನಲ್ಲಿ ಎಳೆಯ ಪೇಶ್ವೆ ಸವಾಯಿ ಮಾಧವರಾಯನೆದುರು ಒಪ್ಪಂದ ಮಾಡಿಕೊಳ್ಳುತ್ತಿದ್ದಾನೆ. ಡ್ಯಾನಿಯೆಲ್ ಆ ದರಬಾರನ್ನು ಕಂಡವನಲ್ಲ. ತೀರಿಹೋದ ವೇಲ್ಸ್ ಬಿಟ್ಟುಹೋದ ರೇಖಾಚಿತ್ರಗಳಿಂದ ಅದನ್ನು ಕಟ್ಟಿದ. ಗಂಭೀರ ಮುಖಗಳು, ಬೆಳ್ಳನೆಯ ಉಡುಪುಗಳು, ಎಲ್ಲೆಲ್ಲೂ ಸೌಜನ್ಯ. ಕನ್ನಡಿಗ ಈ ಚಿತ್ರವನ್ನು ಅಷ್ಟು ನಿರಾಳವಾಗಿ ನೋಡಲಾರ. 1790ರ ಆ ಒಪ್ಪಂದ ಟಿಪ್ಪುವಿನ ವಿರುದ್ಧ ಆದದ್ದು. ಅದರ ಬೆನ್ನಲ್ಲೇ ಮರಾಠಾ ಸರದಾರ ಪರಶುರಾಮ ಭಾವು ಪಟವರ್ಧನನ ಸೈನ್ಯ, ಕಂಪನಿಯ ತುಕಡಿಯನ್ನೂ ಕೂಡಿಕೊಂಡು, ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಲೂಟಿಯ ಪಾಪವನ್ನು ಮ್ಯಾಲೆಟ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆತನ ಬದುಕನ್ನು ಬರೆಯುವವರು ಪುಣೆಯ ಚಿತ್ರವನ್ನು ತೋರಿಸಿ ಧಾರವಾಡವನ್ನು ಬಿಟ್ಟರೆ ಬರೆದದ್ದು ಅರ್ಧ ಬದುಕು.

ಉಳಿದರ್ಧ ಎಲ್ಲಿ ಸಿಗುತ್ತದೆ? ಸಂಗಮದ ಬಂಗಲೆಯಲ್ಲಂತೂ ಇಲ್ಲ. 1817ರ ನವೆಂಬರ್ 5ರಂದು, ಖಡಕಿ ಕಾಳಗದ ದಿನ, ಪೇಶ್ವೆಯ ಕಡೆಯವರು ಅದಕ್ಕೆ ಬೆಂಕಿಯಿಟ್ಟರು. ಆಗಿನ ರೆಸಿಡೆಂಟ್ ಎಲ್ಫಿನ್‌ಸ್ಟನ್ನನ ಪುಸ್ತಕ, ಕಾಗದಪತ್ರಗಳೂ ಹೋದವು. ಗೋವಿಂದ ಸಖಾರಾಮ ಸರದೇಸಾಯಿ ಸಂಪಾದಿಸಿದ ಮ್ಯಾಲೆಟ್ ಕಾಲದ ಪುಣೆ ರೆಸಿಡೆನ್ಸಿ ಪತ್ರಗಳ ಸಂಪುಟ 1936ರಲ್ಲಿ ಬಂತು. ಅದು ಬೆಲೆಕಟ್ಟಲಾಗದ ಕೆಲಸ. ಆದರೆ ರಾಜಕಾರಣಕ್ಕಾಗಿ ಆಯ್ದ ಸಂಪುಟದಲ್ಲಿ ಅಡುಗೆಮನೆ, ಹೆರಿಗೆ, ಸಂಬಳಗಳನ್ನು ಹುಡುಕಿದರೆ ಫಲವಿಲ್ಲ. ಪುಣೆಯಲ್ಲಿ ಇನ್ನೂ ಉಳಿದಿರುವುದು ಪೇಶ್ವೆ ದಫ್ತರದ ರುಮಾಲುಗಳು: ಬಟ್ಟೆಯಲ್ಲಿ ಕಟ್ಟಿಟ್ಟ ಮೋಡಿ ಲಿಪಿಯ ಸಾವಿರಾರು ಕಾಗದದ ಗಂಟುಗಳು. 1910ರಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿಯೂ ಅಂಥ ಸಂಗ್ರಹವಿದೆ. ಪಕ್ಕದ ದರಬಾರು ಸಾಹೇಬನನ್ನು ಹೇಗೆ ಕಂಡಿತೆಂದು ತಿಳಿಯಲು ಇದೇ ದಾರಿ. ಬಹುಪಾಲು ಕುಟುಂಬಚರಿತ್ರೆಗಳು ಈ ಹೊಸಿಲನ್ನು ತುಳಿಯುವುದೇ ಇಲ್ಲ. ಹಿಂದಿನ ಮುಂಬಯಿ ಕರ್ನಾಟಕದ ನಮಗೆ ಮೋಡಿ ಹೊರಗಿನದಲ್ಲ. ನಮ್ಮ ಜಮೀನಿನ ಹಳೆಯ ಕಾಗದಗಳೂ ಅದರಲ್ಲಿಯೇ ಇವೆ. ಓದಬಲ್ಲವರು ಮಾತ್ರ ಬೆರಳೆಣಿಕೆಯಷ್ಟು.

ಡಿಎನ್ಎ ಪರೀಕ್ಷೆ ಈ ಶ್ರಮವನ್ನು ಉಳಿಸೀತೆಂಬ ಆಸೆಯೂ ಈಗ ಹಬ್ಬಿದೆ. 2013ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ತಾಯಿಯ ಕಡೆಯ ಬೇರು ಸೂರತ್ತಿನ ಎಲೈಜಾ ಕೆವಾರ್ಕ್ ಎಂಬಾಕೆಯವರೆಗೆ ಹೋಗುತ್ತದೆಂದು ಸುದ್ದಿಯಾಯಿತು. ರಕ್ತ ಹೇಳಿದ್ದು ನೆಲದ ಸುಳಿವನ್ನಷ್ಟೇ. ಎಲೈಜಾ ಎಂಬ ವ್ಯಕ್ತಿ ನಮಗೆ ಸಿಗುವುದು ಹಳೆಯ ಪತ್ರಗಳಿಂದ.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ, ಕಾಳುಕಡಿ ಪಡೆದು ಹೋಗುವ ಪದ್ಧತಿಯಿದೆ. ಅವರು ಹೇಳುವುದನ್ನು ಇಡೀ ಮನೆ ಕೂತು ಕೇಳುತ್ತದೆ. ಇಂಗ್ಲಿಷ್ ಪೂರ್ವಜನ ಕತೆಗೂ ಹಾಗೆ ಕೇಳುವ ಇನ್ನೊಂದು ಮನೆಯಿದೆ, ಅದು ಈ ನೆಲದ್ದು. ಆದ್ದರಿಂದ ನನ್ನ ನಿಲುವು ಇಷ್ಟು: ತಾಯಿಯ ಹೆಸರನ್ನು ಉಯಿಲು, ಪತ್ರಗಳಲ್ಲಿ ಹುಡುಕದ, ಮುತ್ತಜ್ಜನ ಕೆಲಸದ ಫಲ ಉಂಡ ಊರುಗಳನ್ನು ಹೆಸರಿಸದ, ಇಲ್ಲಿನ ಲಿಪಿಯಲ್ಲಿರುವ ಒಂದು ಕಾಗದವನ್ನಾದರೂ ಓದಿಸಿಕೊಳ್ಳದ ಕುಟುಂಬಚರಿತ್ರೆ ಎಷ್ಟೇ ಅಂದವಾಗಿ ಅಚ್ಚಾದರೂ ಅಪೂರ್ಣ. ಟಿಕೆಟ್ಟು ಕೊಂಡು ಪುಣೆಗೆ ಬರುವವರು ಒಬ್ಬ ಮೋಡಿ ಓದುಗನ ಸಂಬಳಕ್ಕೂ ಹಣ ತೆಗೆದಿಡಲಿ. ಅದರಿಂದ ಅವರ ಅಜ್ಜನ ಜೊತೆಗೆ ನಮ್ಮ ಅಜ್ಜಿಯರೂ ದೊರಕಿಯಾರು.