ಬರೆಗೆ ಬೇರೆ ಹೆಸರು

ಚರ್ಮದ ಕ್ಲಿನಿಕ್ಕುಗಳ ಜಾಹೀರಾತನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೆ ನಮ್ಮ ನಗರಗಳಲ್ಲಿ ಮೈಯ ಬಗ್ಗೆ ತುಂಬ ಜನರ ಕಣ್ಣಿಗೆ ಬೀಳುವ ಗದ್ಯ ಈಗ ಅದೇ ಇರಬೇಕು. ಲೇಸರ್, ರೇಡಿಯೋ ಫ್ರೀಕ್ವೆನ್ಸಿ, ಅಲ್ಟ್ರಾಸೌಂಡ್, ಕೊರೆಯುವ ತಂಪು ಇವುಗಳಿಂದ ಕೂದಲು ತೆಗೆಯುವ, ಕಲೆ ಅಳಿಸುವ, ಜೋತ ಚರ್ಮ ಬಿಗಿಮಾಡುವ, ಕೊಬ್ಬು ಕರಗಿಸುವ ಚಿಕಿತ್ಸೆಗಳನ್ನು ಅದು ವರ್ಣಿಸುತ್ತದೆ. ಈ ಗದ್ಯ ಬಹುಪಾಲು 'ಇಲ್ಲ'ಗಳಲ್ಲೇ ಮಾತಾಡುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ರಕ್ತವಿಲ್ಲ, ರಜೆ ಹಾಕಬೇಕಿಲ್ಲ. 'ಮಿನಿಮಲಿ ಇನ್ವೇಸಿವ್' ಎಂಬ ವೈದ್ಯಕೀಯ ಪದದಲ್ಲಿ ಆಕ್ರಮಣ ಕನಿಷ್ಠವಾದರೂ ಉಳಿದಿರುತ್ತದೆ. ಕನ್ನಡದ ಜಾಹೀರಾತಿಗೆ ಬರುವ ಹೊತ್ತಿಗೆ ಅದೂ ಕಳಚಿ 'ನೋವುರಹಿತ' ಆಗಿರುತ್ತದೆ.

ಈ ಗದ್ಯದಿಂದ ಕಾಣೆಯಾದ ಪದ 'ಗಾಯ'. ಯಂತ್ರ ಕೆಲಸ ಮಾಡುವುದೇ ಗಾಯದ ಮೂಲಕ ಎನ್ನುವುದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲಾಗದು.

1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ತಳಪಾಯ. ಸರಿಯಾದ ಬಣ್ಣದ ಬೆಳಕನ್ನು ಸರಿಯಾದ ಕ್ಷಣದಷ್ಟೇ ಹಾಯಿಸಿದರೆ ಸುತ್ತಲಿನ ಚರ್ಮವನ್ನು ಬಿಟ್ಟು ಗುರಿಯನ್ನು ಮಾತ್ರ ಸುಡಬಹುದು ಎಂಬುದು ಅದರ ಸಾರ. ಹುಟ್ಟಿನಿಂದಲೇ ಮುಖದ ಮೇಲೆ ಕೆಂಪು ಮಚ್ಚೆಯಿದ್ದ ಮಕ್ಕಳಿಗೆ ಇದರಿಂದ ನಿಜವಾದ ಉಪಕಾರವಾಯಿತು. 2004ರಲ್ಲಿ ಬಂದ ಫ್ರ್ಯಾಕ್ಷನಲ್ ಲೇಸರಿನ ಉಪಾಯ ಇನ್ನೂ ನೇರವಾದದ್ದು: ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಟ್ಟ ಕಂಬಗಳನ್ನು ಸಾಲಾಗಿ ಮಾಡಿ, ನಡುವೆ ಒಳ್ಳೆಯ ಚರ್ಮವನ್ನು ಉಳಿಸುವುದು; ಮಿಕ್ಕ ದುರಸ್ತಿ ಮೈಗೆ ಸೇರಿದ್ದು. ರೇಡಿಯೋ ಫ್ರೀಕ್ವೆನ್ಸಿಯೂ ಹೀಗೆಯೇ. ಚರ್ಮದೊಳಗಿನ ಕೊಲಾಜನ್ 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮುದುಡುತ್ತದೆ, ಆಮೇಲಿನ ತಿಂಗಳುಗಳಲ್ಲಿ ಮೈ ಹೊಸದನ್ನು ಕಟ್ಟಿಕೊಳ್ಳುತ್ತದೆ. ಸಂಶೋಧನಾ ಲೇಖನಗಳು ಇದನ್ನು ಮುಚ್ಚಿಡುವುದಿಲ್ಲ. 'ನಿಯಂತ್ರಿತ ಗಾಯ' ಎಂಬರ್ಥದ ಮಾತು ಅಲ್ಲಿ ಧಾರಾಳವಾಗಿದೆ. ವೈದ್ಯರು ವೈದ್ಯರಿಗೆ ಹೇಳುವ ಮಾತು ಗಿರಾಕಿಯ ತನಕ ಬರುವುದಿಲ್ಲ, ಅಷ್ಟೆ.

ಮೈ ಸುಟ್ಟು ವಾಸಿಮಾಡುವುದು ನಮ್ಮ ನೆಲಕ್ಕೆ ಹೊಸತಲ್ಲ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಅದು ಸುಟ್ಟ ಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂಬ ಹೆಮ್ಮೆಗೆ ಇದನ್ನು ಹೇಳುತ್ತಿಲ್ಲ. ಕಾಮಾಲೆಗೆ ಬರೆ ಹಾಕಿಸಿಕೊಂಡು ಹಾಳಾದವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ನನ್ನ ಗಮನವಿರುವುದು ಪದಗಳ ಮೇಲೆ. ಸರಿಯಾಗಿ ಸುಟ್ಟದ್ದಕ್ಕೂ ಅತಿಯಾಗಿ ಸುಟ್ಟದ್ದಕ್ಕೂ ಅಲ್ಲಿ ಬೇರೆ ಬೇರೆ ಹೆಸರಿದೆ. ಎರಡರಲ್ಲೂ 'ದಗ್ಧ' ಇದೆ. ಊರಿನ ಬರೆಯೂ ತನ್ನನ್ನು ಬರೆಯೆಂದೇ ಕರೆದುಕೊಂಡಿತು. ಕಾದ ಕಬ್ಬಿಣ ಮೈಗೆ ತಾಗುತ್ತದೆಂದು ತಿಳಿದೇ ಜನ ಮುಂದೆ ಬಂದು ನಿಂತರು.

ಹೆಸರು ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ದಾಖಲೆಯಿದೆ. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 2018ರ ಜುಲೈನಲ್ಲಿ ಲೇಸರ್ ಮತ್ತಿತರ ಶಕ್ತಿ ಆಧಾರಿತ ಉಪಕರಣಗಳಿಂದ ನಡೆಯುತ್ತಿದ್ದ 'ಯೋನಿ ನವಯೌವನ' ಚಿಕಿತ್ಸೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಸುಟ್ಟ ಗಾಯ, ಕಲೆಗಟ್ಟುವಿಕೆ, ಬಿಡದ ನೋವಿನ ವರದಿಗಳು ಬಂದಿದ್ದವು. ಆ ಉಪಕರಣಗಳಿಗೆ ಒಪ್ಪಿಗೆ ಸಿಕ್ಕಿದ್ದು ಕ್ಯಾನ್ಸರಿಗೆ ತಿರುಗಬಹುದಾದ ಅಂಗಾಂಶ ಮತ್ತು ಗಂಟುಗಳನ್ನು ನಾಶಮಾಡುವಂಥ ಕೆಲಸಕ್ಕೆ. ನಾಶಕ್ಕೆಂದು ಬಂದ ಯಂತ್ರವನ್ನು ಯೌವನದ ಹೆಸರಿನಲ್ಲಿ ಮಾರಿದರು.

ಇನ್ನೊಂದು ಉದಾಹರಣೆ ತಂಪಿನದು. ಐಸ್‌ಕ್ಯಾಂಡಿ ಚೀಪಿದ ಮಗುವಿನ ಕೆನ್ನೆಯೊಳಗಿನ ಕೊಬ್ಬು ಉರಿಯೂತಗೊಂಡದ್ದನ್ನು 1970ರಲ್ಲೇ ವೈದ್ಯರು ವರದಿ ಮಾಡಿದ್ದರು. ಚರ್ಮಕ್ಕಿಂತ ಕೊಬ್ಬು ತಂಪಿಗೆ ಬೇಗ ಘಾಸಿಗೊಳ್ಳುತ್ತದೆ ಎಂಬ ಇದೇ ತಿಳಿವಳಿಕೆಯಿಂದ 'ಕೂಲ್‌ಸ್ಕಲ್ಪ್ಟಿಂಗ್' ಯಂತ್ರ ಬಂತು. 2010ರಲ್ಲಿ ಅಮೆರಿಕದಲ್ಲಿ ಸೊಂಟದ ಪಕ್ಕದ ಕೊಬ್ಬಿಗೆ ಅನುಮತಿಯೂ ಸಿಕ್ಕಿತು. ತಣ್ಣಗೆ ಮೈಯನ್ನು ಕೆತ್ತುವ ಶಿಲ್ಪ ಎಂಬ ಚೆಲುವಾದ ಹೆಸರು. ಆದರೆ ಕೆಲವರಲ್ಲಿ, ಯಂತ್ರ ಕಚ್ಚಿ ಹಿಡಿದ ಜಾಗದಲ್ಲೇ ಕೊಬ್ಬು ಗಟ್ಟಿಯಾಗಿ ಬೆಳೆಯಿತು. 2014ರಲ್ಲಿ ವೈದ್ಯರು ಇದಕ್ಕೆ 'ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ' ಎಂದು ಹೆಸರಿಟ್ಟರು. ಪ್ಯಾರಡಾಕ್ಸ್ ಎಂದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿರೋಧಾಭಾಸ. ಕೊಬ್ಬು ಮಂಜಿನಂತೆ ಕರಗುತ್ತದೆ ಎಂಬ ರೂಪಕವನ್ನು ನಂಬಿದವರಿಗೆ ಮಾತ್ರ ಇದು ಅಷ್ಟು ವಿರೋಧವಾಗಿ ಕಾಣುತ್ತದೆ. ಘಾಸಿಗೊಂಡ ಮೈ ಪ್ರತಿಸಲವೂ ನಾವು ಬಯಸಿದಂತೆಯೇ ಉತ್ತರ ಕೊಡುವುದಿಲ್ಲ ಎನ್ನುವುದು ಗಾಯವನ್ನು ಕಂಡವರಿಗೆಲ್ಲ ಗೊತ್ತು.

ಕೆನಡಾದ ಪ್ರಸಿದ್ಧ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ 2015-16ರಲ್ಲಿ ಈ ಚಿಕಿತ್ಸೆ ಪಡೆದು ಹೀಗೇ ಆದವರು. ಸರಿಪಡಿಸಲು ಲೈಪೋಸಕ್ಷನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಫಲವಾಗಲಿಲ್ಲ. ಕತ್ತಿಯಿಲ್ಲವೆಂದು ಶುರುವಾದದ್ದು ಕತ್ತಿಯ ತನಕ ಬಂದು ನಿಂತಿತು. ಈ ಅಪಾಯವನ್ನು ತನಗೆ ಹೇಳಿರಲಿಲ್ಲ ಎಂದು ಅವರು 2021ರಲ್ಲಿ ತಯಾರಕ ಕಂಪನಿಯ ಮೇಲೆ ದಾವೆ ಹೂಡಿದರು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಹಣಕ್ಕಿಂತ ನನ್ನನ್ನು ಕಾಡುವುದು ನಡುವಿನ ವರ್ಷಗಳು. ಮುಖದಿಂದಲೇ ಲೋಕಕ್ಕೆ ಪರಿಚಿತರಾದವರು ಯಾರಿಗೂ ಹೇಳದೆ ಮನೆಯೊಳಗೆ ಉಳಿದರು. ಗಾಯವೇ ಇಲ್ಲ ಎಂದು ಮಾರಿದ್ದರಿಂದ ಗಾಯವಾದಾಗ ಅದನ್ನು ಹೇಳಿಕೊಳ್ಳಲು ಮಾತೂ ಇರುವುದಿಲ್ಲ. ತಪ್ಪು ನನ್ನ ಮೈಯದೇ ಇರಬೇಕು ಎನಿಸತೊಡಗುತ್ತದೆ.

ನಮ್ಮ ಚರ್ಮಕ್ಕೆ ಇದು ಇನ್ನೂ ಹತ್ತಿರದ ಮಾತು. ಇಂದು ಲೇಸರ್ ಕ್ಲಿನಿಕ್ಕುಗಳಲ್ಲಿ ಚರ್ಮವನ್ನು ವಿಂಗಡಿಸಲು ಬಳಸುವ ಅಳತೆಗೋಲನ್ನು 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ರೂಪಿಸಿದ್ದು ಬಿಳಿಯರ ಚರ್ಮ ಬಿಸಿಲಿಗೆ ಹೇಗೆ ಕೆಂಪಾಗುತ್ತದೆ ಎಂಬುದರ ಮೇಲೆ. ಕಂದು, ಕಪ್ಪು ಚರ್ಮದ ವರ್ಗಗಳು ಅದಕ್ಕೆ ಆಮೇಲೆ ಸೇರಿದವು. ಕೂದಲಿನ ಬುಡಕ್ಕೆಂದು ಬಿಟ್ಟ ಬೆಳಕನ್ನು ನಮ್ಮ ಚರ್ಮದ ಮೆಲನಿನ್ನೇ ಹೀರಿಕೊಳ್ಳಬಹುದು. ಆಗ ಸುಡುವುದು ಮೇಲ್ಮೈ. ಗುಳ್ಳೆ ಮಾಯ್ದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. 1064 ನ್ಯಾನೋಮೀಟರಿನಂಥ ಉದ್ದ ತರಂಗಾಂತರದ ಲೇಸರ್ ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತವೆಂದು ವೈದ್ಯರಿಗೆ ಗೊತ್ತು. ಅದನ್ನು ಕೇಳಿ ತಿಳಿದುಕೊಳ್ಳಬೇಕಾದವಳಿಗೆ ಸಿಗುವುದು ಮಾತ್ರ ಎಲ್ಲ ಚರ್ಮಕ್ಕೂ ಒಂದೇ ಆದ 'ನೋವುರಹಿತ'. ಅದರ ಜೊತೆಗೆ ಬರುವ ಇನ್ನೊಂದು ಪದ 'ಡೌನ್‌ಟೈಮ್ ಇಲ್ಲ'. ಯಂತ್ರ ಕೆಟ್ಟು ನಿಂತ ಹೊತ್ತಿಗೆ ಕಾರ್ಖಾನೆಯವರು ಹೇಳುತ್ತಿದ್ದ ಮಾತದು. ಊಟದ ಬಿಡುವಿನಲ್ಲಿ ಮುಖ ಸುಡಿಸಿಕೊಂಡು ಮೂರು ಗಂಟೆಯ ಮೀಟಿಂಗಿಗೆ ಕೂರಬಹುದು ಎಂಬ ಆಶ್ವಾಸನೆಯಲ್ಲಿ, ಮಾಯುವುದಕ್ಕೂ ಮೈಗೆ ಪುರುಸೊತ್ತು ಕೊಡಬಾರದು ಎಂಬ ಕರಾರೂ ಇದೆ.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂಬ ಗಾದೆ ನಮ್ಮಲ್ಲಿದೆ. ಸೌಂದರ್ಯ ಚಿಕಿತ್ಸೆಯ ಟೀಕೆಗಳು ಬಹುಪಾಲು ಈ ಗಾದೆಯ ವಿಸ್ತರಣೆಗಳೇ. ನರಿಯನ್ನು ಬೈದು, ಅಂದರೆ ಹೆಣ್ಣಿನ ಚಪಲವನ್ನು ಬೈದು, ಅವು ಮುಗಿಯುತ್ತವೆ. ಕಬ್ಬಿಣ ಕಾಯಿಸಿದವರು ಯಾರು, ಏನು ಹೇಳಿ ಕಾಯಿಸಿದರು ಎಂದು ಕೇಳುವುದಿಲ್ಲ. ಮೊಡವೆಯ ಗುಂಡಿಗಳನ್ನು, ಸುಟ್ಟ ಕಲೆಯನ್ನು, ಬೇಡವಾದ ಕೂದಲನ್ನು ತೆಗೆಸಿಕೊಳ್ಳಬೇಕೆನ್ನುವ ಆಸೆಯಲ್ಲಿ ನಾಚುವಂಥದ್ದೇನೂ ನನಗೆ ಕಾಣುವುದಿಲ್ಲ. ಅವು ಹೊತ್ತು ತರುವ ಅವಮಾನ ಎಂಥದ್ದೆಂದು ಮದುವೆಗೆ ಹುಡುಗಿ ನೋಡುವ ನಮ್ಮ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ.

ಕೇಳಬೇಕಾದದ್ದು ಸಣ್ಣ ಸಂಗತಿ. ಆಸೆ ಹುಟ್ಟಿಸುವ ಜಾಹೀರಾತು ಕನ್ನಡದಲ್ಲಿರುತ್ತದೆ. ಸಹಿ ಹಾಕುವ ಒಪ್ಪಿಗೆ ಪತ್ರ ಅನೇಕ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ. 'ಸುಡುತ್ತೇವೆ, ಇಷ್ಟು ಆಳಕ್ಕೆ, ಹೆಚ್ಚಾದರೆ ಹೀಗಾಗುತ್ತದೆ, ಮಾಯಲು ಇಷ್ಟು ದಿನ ಬೇಕು' ಎಂದು ಬರೆಯಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಅಷ್ಟನ್ನು ಓದಿಯೂ ಒಬ್ಬಳು ಸರಿ, ಆಗಲಿ ಎಂದರೆ ಅದು ಅವಳ ಒಪ್ಪಿಗೆ.